ಚಿತ್ರ ಸಂಖ್ಯೆ 43ರಲ್ಲಿ ಕಂಡುಬಂದಿರುವ ಕಾಲುದಾರಿ

ಸಂಚಾರಿ ನವೀನ ಚಿತ್ರಶಾಲೆ
ಮೇಲ್ವಿಚಾರಕರ ಕಚೇರಿ, ಕ್ಯಾಂಪು: ಮೂಡಬಿದ್ರೆ

ಸುತ್ತೋಲೆ ಸಂಖ್ಯೆ: ಸಂನಚಿ/ದಾರಿ/43/1963-64
ದಿನಾಂಕ: 12-3-1964

ವಿಷಯ: ಚಿತ್ರಗಳನ್ನು ಜಮೀನಿನ ನಕ್ಷೆಗಳೆಂದು ತಿಳಿದು ಆಕ್ಷೇಪಣೆ ಸಲ್ಲಿಸುವುದು, ಚಿತ್ರದೊಳಗೆ ಬೆರಳಿಟ್ಟು ಗಡಿ ತೋರಿಸುವುದು, ಹಾಗೂ ಒಮ್ಮೆ ತೋರಿಸಿದ ದಾರಿಯನ್ನು ಹಿಂದಕ್ಕೆ ಕೇಳುವುದು – ಇವುಗಳ ಬಗ್ಗೆ.

ಉಲ್ಲೇಖ:
1. ಗ್ರಾಮಸ್ಥರಿಗೆ ಒಂದು ದಿನದ ಕಲಾ ವೀಕ್ಷಣೆ ಏರ್ಪಡಿಸುವ ಕುರಿತು ಮೇಲಿನವರ ಆದೇಶ.
2. ಕಕ್ಕಿಂಜೆಯ ಶ್ರೀಮತಿ ಜಲಜಾಕ್ಷಿಯವರ ಆಕ್ಷೇಪಣೆ, ದಿನಾಂಕ 19-2-1964, ಬೆಳಿಗ್ಗೆ 11.20.
3. ಅದೇ ಊರಿನ ಶ್ರೀ ಸನತ್‌ಕುಮಾರ ಹೆಗ್ಡೆಯವರು ಅಭಿಪ್ರಾಯ ಪುಸ್ತಕದಲ್ಲಿ ಬರೆದದ್ದು, ಅದೇ ದಿನ, 11.50.
4. ಬರೆದ ಹಾಳೆಯನ್ನು ಹರಿದು ಕೊಡಬೇಕೆಂದು ಶ್ರೀ ಹೆಗ್ಡೆಯವರ ಅರ್ಜಿಗಳು, ಒಟ್ಟು ಐದು.
5. ಚಿತ್ರಕಾರರ ತಂತಿ.

ಪ್ರಸ್ತಾವನೆ:

ಹೊಸ ಮಾದರಿಯ ಚಿತ್ರ ಮತ್ತು ಶಿಲ್ಪಗಳನ್ನು ಹಳ್ಳಿಯವರಿಗೂ ತೋರಿಸಬೇಕೆಂದು ಅಪ್ಪಣೆಯಾದ ಪ್ರಕಾರ, ಮೂಡಬಿದ್ರೆಯಲ್ಲಿ ಸಿಕ್ಕಿದ ಒಂದೇ ದೊಡ್ಡ ಹಜಾರದಲ್ಲಿ ನಲವತ್ತೆಂಟು ಚಿತ್ರಗಳನ್ನೂ ಆರು ಶಿಲ್ಪಗಳನ್ನೂ ಇಡಲಾಗಿದೆ. ಸದರಿ ಹಜಾರದಲ್ಲಿ ಹಿಂದಿನ ಎರಡು ವರ್ಷ ಭೂಮಾಪನದ ಕ್ಯಾಂಪು ಇತ್ತು. ಬೆಳ್ತಂಗಡಿ ಕಡೆಯ ಗ್ರಾಮಗಳ ನಕ್ಷೆಗಳನ್ನೂ ಇಲ್ಲಿಯೇ ತೂಗುಹಾಕಲಾಗಿತ್ತು. ಅಷ್ಟು ದೂರದ ನಕ್ಷೆ ಇಲ್ಲಿಗೆ ಏಕೆ ಬಂತೆಂದು ಈ ಕಚೇರಿಗೆ ತಿಳಿದಿಲ್ಲ. ಕೇಳಿ ಬರೆದ ಪತ್ರವೂ ದೂರದ ಇನ್ನೊಂದು ಕಚೇರಿಗೆ ಹೋಗಿದೆ. ಆಗ ಜನರು ಬಂದು ಗೋಡೆಯ ಮೇಲಿನ ನಕ್ಷೆ ನೋಡಿ, ತಮ್ಮ ಗದ್ದೆ ಎಲ್ಲಿ ಉಂಟು, ಎಷ್ಟು ಉಂಟು, ನೆರೆಯವನ ಪಾಲಿಗೆ ಎಷ್ಟು ಹೋಯಿತು ಎಂದು ತಿಳಿದುಕೊಂಡು, ಮೂವತ್ತು ದಿನಗಳೊಳಗೆ ಆಕ್ಷೇಪಣೆ ಕೊಡಬೇಕಾಗಿತ್ತು.

ಕ್ಯಾಂಪು ಹೋಯಿತು. ಮೊಳೆಗಳು ಉಳಿದವು. ಅದೇ ಮೊಳೆಗಳಿಗೆ ಚಿತ್ರಗಳನ್ನು ಸಿಕ್ಕಿಸಿದ್ದು ಮಿತವ್ಯಯದ ದೃಷ್ಟಿಯಿಂದ ಸರಿಯಾಗಿಯೇ ಇತ್ತು. ಮೊಳೆಗಳ ಕೆಳಗೆ ಅಂಟಿಸಿದ್ದ ಸರ್ವೆ ನಂಬರಿನ ಚೀಟಿಗಳನ್ನು ಹಾಗೆಯೇ ಬಿಟ್ಟು, ಅವನ್ನೇ ಚಿತ್ರಗಳ ನಂಬರುಗಳೆಂದು ಕರೆದದ್ದು ಮಾತ್ರ ಮಿತವ್ಯಯವನ್ನು ಮೀರಿತು.

ಪರಿಣಾಮವಾಗಿ, ದಿನಾಂಕ 19-2-1964ರ ಬುಧವಾರ ಕಕ್ಕಿಂಜೆಯಿಂದ ಬಸ್ಸಿನಲ್ಲಿ ಬಂದ ಅರುವತ್ತೆರಡು ಮಂದಿಯಲ್ಲಿ ನಲವತ್ತೊಂದು ಮಂದಿ ಜಮೀನಿನ ತೀರ್ವೆ ಕಟ್ಟಿದ ರಸೀದಿಗಳನ್ನು ಜೊತೆಗೆ ತಂದಿದ್ದರು. ಮತ್ತಿಬ್ಬರಂತೂ ವಕೀಲರ ಗುಮಾಸ್ತರನ್ನೇ ತಂದಿದ್ದರು. ಸಂಜೆಗೆ ಎಣಿಸಿದಾಗ ಮೆಚ್ಚುಗೆ ಮೂರು, ಆಕ್ಷೇಪಣೆ ಇಪ್ಪತ್ತೇಳು. ಮೂರು ಮೆಚ್ಚುಗೆಗಳೂ ಬೆಲ್ಲದ ಬಗ್ಗೆ ಇದ್ದವು.

ಆದುದರಿಂದ ಸಿಬ್ಬಂದಿಯವರ ಮತ್ತು ಸಾರ್ವಜನಿಕರ ತಿಳಿವಳಿಕೆಗಾಗಿ ಕೆಳಗಿನ ಸೂಚನೆಗಳನ್ನು ಹೊರಡಿಸಲಾಗಿದೆ.

1. ಚಿತ್ರ ನೋಡಲು ಬರುವವರು ತೀರ್ವೆ ರಸೀದಿ, ಗೇಣಿ ಚೀಟಿ, ಅಜ್ಜನ ಕಾಲದ ತಾಳೆಗರಿ ಮುಂತಾದವನ್ನು ತರಬಾರದು. ತಂದರೆ ಕೊಡೆಗಳ ಜೊತೆ ಹೊರಗಿಡತಕ್ಕದ್ದು. ದಾಖಲೆ ಹೊರಗೆ ಬಿಟ್ಟು ಒಳಗೆ ಹೋಗಲು ಧೈರ್ಯವಿಲ್ಲದವರು ಇಬ್ಬರಿಬ್ಬರಾಗಿ ಬಂದು, ಒಬ್ಬರು ದಾಖಲೆ ಕಾಯುವಾಗ ಇನ್ನೊಬ್ಬರು ಚಿತ್ರ ನೋಡಬಹುದು. ಆ ಇಬ್ಬರಿಗೂ ಒಬ್ಬರ ಮೇಲೆ ಒಬ್ಬರಿಗೆ ನಂಬಿಕೆ ಇಲ್ಲದ ಪಕ್ಷದಲ್ಲಿ ಇಬ್ಬರೂ ಹೊರಗೇ ಕೂರಬಹುದು. ಚಿತ್ರ ನೋಡಿದವರ ಲೆಕ್ಕಕ್ಕೆ ಅವರನ್ನೂ ಸೇರಿಸಿಕೊಳ್ಳಲಾಗುವುದು.

2. ಬಂದವರಿಗೆ ಮೊದಲು ಕೈಕಾಲಿಗೆ ನೀರು, ಆಮೇಲೆ ಬೆಲ್ಲ ಮತ್ತು ಕುಡಿಯಲು ನೀರು ಕೊಡತಕ್ಕದ್ದು. ಕಕ್ಕಿಂಜೆಯವರು ಬರುವುದಕ್ಕೆ ಮುಂಚೆ, ಚಿತ್ರಶಾಲೆ ತೆರೆದ ಮೊದಲ ದಿನ ಇದನ್ನು ಕೊಡದೆ ಟಿಕೇಟು ಕೊಟ್ಟದ್ದರಿಂದ ಹಿರಿಯರು ಒಳಗೆ ಬರಲು ಒಪ್ಪದೆ, "ಬನ್ನಿ ಅಂತ ಹೇಳುವ ಒಂದು ಜನ ಇಲ್ಲದ ಮನೆಗೆ ಹೋಗುವುದು ಹೇಗೆ ಮಾರಾಯ್ರೆ?" ಎಂದು ಜಗಲಿಯಲ್ಲೇ ಒಂದೂವರೆ ಗಂಟೆ ಕುಳಿತದ್ದು ಗಮನಕ್ಕೆ ಬಂದಿದೆ. ಇನ್ನು ಮುಂದೆ ಜವಾನ ಶ್ರೀ ಹುಕ್ರಪ್ಪ ಅವರು ಬೆಳಿಗ್ಗೆ ಹತ್ತರಿಂದ ಹನ್ನೊಂದರವರೆಗೆ ಮನೆಯ ಯಜಮಾನರಾಗಿಯೂ, ಹನ್ನೊಂದರ ನಂತರ ಜವಾನರಾಗಿಯೂ ಕೆಲಸ ಮಾಡತಕ್ಕದ್ದು. ಯಜಮಾನರಾಗಿರುವಾಗ ಅವರು ಬಸ್ಸಿನಲ್ಲಿ ಸೀಟು ಸಿಕ್ಕಿತೇ, ಮನೆಯಲ್ಲಿ ಎಲ್ಲರೂ ಕ್ಷೇಮವೇ ಎಂದು ಕೇಳಬಹುದು. ಬೆಳೆ ಹೇಗುಂಟು ಎಂದು ಕೇಳಕೂಡದು. ಬೆಳೆಯಿಂದ ಗದ್ದೆಗೆ, ಗದ್ದೆಯಿಂದ ಗಡಿಗೆ ಮಾತು ಹೋಗಲು ಹೆಚ್ಚು ಹೊತ್ತು ಬೇಡ.

3. ಪೂರ್ತಿ ಕಪ್ಪಾಗಿರುವ ಚಿತ್ರ ಸಂಖ್ಯೆ 12ನ್ನು ನೋಡಿ "ಇದನ್ನು ಅಡುಗೆಮನೆಯಲ್ಲಿ ಇಟ್ಟಿದ್ದಿರಾ?" ಎಂದು ವಿಚಾರಿಸುವ ಹೆಂಗಸರಿಗೆ ಇಲ್ಲವೆಂದು ಮಾತ್ರ ಉತ್ತರಿಸುವುದು. ಅಂಟುವಾಳ ಹಾಕಿ ತೊಳೆದು ಕೊಡುತ್ತೇವೆಂದು ಹೇಳಿದರೆ ಇಲಾಖೆಯ ಪರವಾಗಿ ವಂದನೆ ಸಲ್ಲಿಸಿ, ಅವರನ್ನು ಚಿತ್ರ ಸಂಖ್ಯೆ 13ಕ್ಕೆ ಕರೆದೊಯ್ಯುವುದು. ಅದು ಬಿಳಿ ಇದೆ.

4. ಶಿಲ್ಪಗಳನ್ನು ಗೆಣ್ಣಿನಿಂದ ಬಡಿದು ನೋಡಬಾರದು. ಮರದ ವ್ಯಾಪಾರಿ ಶ್ರೀ ಹಸೈನಾರ್ ಅವರು 'ತಾಯ್ತನ' ಎಂಬ ಶಿಲ್ಪವನ್ನು ಎರಡು ಸಲ ಬಡಿದು, "ಇದು ಬೀಟಿ ಅಂತ ಯಾರು ಹೇಳಿದ್ದು? ಹೆಬ್ಬಲಸು. ಒಳಗೆ ಗೆದ್ದಲು ಕೂಡ ಉಂಟು" ಎಂದದ್ದು ಆಮೇಲೆ ನಿಜವೆಂದು ಕಂಡುಬಂದಿದೆ. ಆದರೂ ಬಡಿಯಬಾರದು. ಅವರಿಗೆ ಮಾತ್ರ ತಿಂಗಳಿಗೊಮ್ಮೆ ಬಂದು ಬಡಿಯಲು ವಿಶೇಷ ಅನುಮತಿ ನೀಡಲಾಗಿದೆ.

5. ಆಕ್ಷೇಪಣೆಗಳನ್ನು ಯಾರೂ ತಿರಸ್ಕರಿಸಬಾರದು. ತಿರಸ್ಕರಿಸಬೇಕಾದರೆ ವಿಚಾರಣೆ ನಡೆಸಬೇಕು. ವಿಚಾರಣೆಗೆ ಅಧಿಕಾರ ಬೇಕು. ಅದು ಈ ಕಚೇರಿಗೆ ಇಲ್ಲ. ಸ್ವೀಕರಿಸಲು ಯಾವ ಅಧಿಕಾರವೂ ಬೇಡವಾದ್ದರಿಂದ ಎಲ್ಲವನ್ನೂ ಸ್ವೀಕರಿಸತಕ್ಕದ್ದು. ಚಿತ್ರ ಸಂಖ್ಯೆ 8ರಲ್ಲಿ ತನ್ನ ಬಾವಿಯನ್ನು ತೋರಿಸಿಲ್ಲ ಎಂದವರಿಗೆ, ಬಾವಿ ತೋಡುವ ಮೊದಲು ಬರೆದ ಚಿತ್ರವೆಂದು ಹೇಳುವುದು. ಚಿತ್ರ ಸಂಖ್ಯೆ 21ರ ಮುರಿದ ಮುಖ ತನ್ನ ದಾಯಾದಿಯದ್ದೆಂದು ಗುರುತಿಸಿದವರಿಗೆ, ಹೋಲಿಕೆ ಇಲಾಖೆಯ ಉದ್ದೇಶವಲ್ಲವೆಂದು ಹೇಳಿ, ಸಾಧ್ಯವಾದರೆ ನಗದೆ ಇರುವುದು.

6. ಈಗ ಚಿತ್ರ ಸಂಖ್ಯೆ 43. ಇದು ನಾಲ್ಕು ಅಡಿ ಉದ್ದ, ಮೂರು ಅಡಿ ಅಗಲ. ಹಸಿರು ಮತ್ತು ಕೆಂಪು ತುಂಡುಗಳು, ಕೆಳಗೆ ವಂಕಿವಂಕಿಯಾದ ನೀಲಿ ಗೀಟು, ನಡುವೆ ಒಂದು ಬಿಳಿ ಗೀಟು, ಮೂಲೆಯಲ್ಲಿ ಕಪ್ಪು ಬೊಟ್ಟು. ಹೆಸರು 'ಒಳಗಿನ ಏಕಾಂತ'. ಕಕ್ಕಿಂಜೆಯ ಶ್ರೀಮತಿ ಜಲಜಾಕ್ಷಿ ಮತ್ತು ಶ್ರೀ ಸನತ್‌ಕುಮಾರ ಹೆಗ್ಡೆಯವರ ಜಾಗದ ಸರ್ವೆ ನಂಬರೂ 43 ಆಗಿರುವುದು ಯಾರ ತಪ್ಪೂ ಅಲ್ಲ.

ಶ್ರೀಮತಿ ಜಲಜಾಕ್ಷಿಯವರ ಮನೆಗೂ ಚಾರ್ಮಾಡಿಗೆ ಹೋಗುವ ರಸ್ತೆಗೂ ನಡುವೆ ಶ್ರೀ ಹೆಗ್ಡೆಯವರ ಜಾಗವಿದೆ. ಅದರೊಳಗಿಂದ ಒಂದು ಕಾಲುದಾರಿ ಇತ್ತೆಂದು ಶ್ರೀಮತಿ ಜಲಜಾಕ್ಷಿಯವರು ಹೇಳುತ್ತಾರೆ. ನಾಲ್ಕು ವರ್ಷದ ಹಿಂದೆ ಅವರ ಕರುವೊಂದು ಹೆಗ್ಡೆಯವರ ಬಾಳೆಗಿಡಗಳನ್ನು ತಿಂದಿತು. ಹೆಗ್ಡೆಯವರು ಬೇಲಿ ಹಾಕಿದರು. ಅಲ್ಲಿ ದಾರಿ ಎಂಬುದು ಎಂದೂ ಇರಲೇ ಇಲ್ಲವೆಂದು ಸಂಬಂಧಪಟ್ಟ ಕಚೇರಿಗೆ ಮೂರು ಸಲ ಬರೆದು ಕೊಟ್ಟರು. ಅಂದಿನಿಂದ ಶ್ರೀಮತಿ ಜಲಜಾಕ್ಷಿಯವರು ತೋಡಿನ (ಹಳ್ಳದ) ಕಡೆಯಿಂದ ಸುತ್ತಿ ರಸ್ತೆಗೆ ಬರುತ್ತಾರೆ. ಮಳೆಗಾಲದಲ್ಲಿ ತೋಡಿನ ಮೇಲಿನ ಮರದ ಸಂಕ ಕೊಚ್ಚಿಹೋಗುತ್ತದೆ. ಕಳೆದ ವರ್ಷ ಆಟಿ (ಆಷಾಢ) ತಿಂಗಳಲ್ಲಿ ಅವರ ಅತ್ತೆಗೆ ಜ್ವರ ಏರಿದಾಗ, ಮುದುಕಿಯನ್ನು ಕುರ್ಚಿಗೆ ಕಟ್ಟಿ, ನಾಲ್ಕು ಮಂದಿ ಎದೆಮಟ್ಟದ ನೀರಿನಲ್ಲಿ ಹೊತ್ತು ಡಾಕ್ಟರರ ಬಳಿಗೆ ಸಾಗಿಸಬೇಕಾಯಿತು. ಈ ಸಂಗತಿಗೂ ಕಲೆಗೂ ಸಂಬಂಧವಿಲ್ಲ. ಆದರೂ ಗೊತ್ತಿರಲಿ ಎಂದು ನಮೂದಿಸಲಾಗಿದೆ. ಇನ್ನು ಮೂರು ತಿಂಗಳಿಗೆ ಮಳೆಗಾಲ ಎಂಬುದನ್ನೂ ನಮೂದಿಸಲಾಗಿದೆ.

7. ಸದರಿ ದಿನ ಚಿತ್ರದ ಎದುರು ನಡೆದ ಮಾತುಕತೆಯನ್ನು ಗುಮಾಸ್ತ ಶ್ರೀ ಸುಧಾಕರ ಅವರು ಸ್ಥಳದಲ್ಲೇ ಬರೆದುಕೊಂಡಿದ್ದಾರೆ. ಮಾತು ತುಳುವಿನಲ್ಲಿ ನಡೆದದ್ದರಿಂದ ಕನ್ನಡಕ್ಕೆ ತರುವಾಗ ಬೈಗುಳಗಳ ತೂಕ ಸ್ವಲ್ಪ ಇಳಿದಿದೆ. ಮೂಲ ಬೈಗುಳಗಳು ಬೇಕಾದವರು ಕಚೇರಿ ವೇಳೆಯಲ್ಲಿ ಬಂದು ಕೇಳಿಸಿಕೊಳ್ಳಬಹುದು.

ಜಲಜಾಕ್ಷಿ: "ಓ ನೋಡಿ ಹೆಗ್ಡೆರೇ, ಸರಕಾರವೇ ಬರೆದು ತೂಗುಹಾಕಿದೆ. ಈ ಬಿಳಿ ಗೀಟು ಎಂಥದು? ನಮ್ಮ ದಾರಿ ಅಲ್ವಾ?"

ಹೆಗ್ಡೆ: "ಎಂಥ ದಾರಿ ಜಲಜಕ್ಕ? ಅದು ತೋಡು."

ಜಲಜಾಕ್ಷಿ: "ತೋಡು ಇಲ್ಲಿ ಕೆಳಗೆ ನೀಲಿ ಉಂಟಲ್ಲ. ನಮ್ಮಲ್ಲಿ ಎರಡು ತೋಡು ಉಂಟಾ? ಇನ್ನೊಂದನ್ನು ನೀವು ಎಲ್ಲಿ ಅಡಗಿಸಿ ಇಟ್ಟದ್ದು?"

(ಹೆಂಗಸರ ಕಡೆಯಿಂದ ನಗು.)

ಹೆಗ್ಡೆ: "ತಮಾಷೆ ಬೇಡ ಮಾರಾಯ್ತಿ. ಇದನ್ನು ಬರೆದವ ನಮ್ಮ ಊರಿಗೆ ಕಾಲು ಹಾಕಿದವನೇ ಅಲ್ಲ."

ಜಲಜಾಕ್ಷಿ: "ಕಾಲು ಹಾಕದೆ ನಮ್ಮ ಬಾವಿ ಹೇಗೆ ಗೊತ್ತಾಯಿತು ಅವನಿಗೆ? ಈ ಕಪ್ಪು ಬೊಟ್ಟು ಬಾವಿ. ಇದು ನಮ್ಮ ಹಟ್ಟಿ. ಇದು ನಿಮ್ಮ ಬೈಹುಲ್ಲಿನ ಬಣವೆ. ದಾರಿ ಬಣವೆಯ ಮೇಲಿಂದಲೇ ಸೀದ ಹೋಗ್ತದೆ."

ಹೆಗ್ಡೆ: "ಏನು? ಬಣವೆಯ ಮೇಲಿಂದ?"

ಜಲಜಾಕ್ಷಿ: "ಹೌದು. ಬಣವೆಯ ಮೇಲಿಂದ. ಬಣವೆ ನೀವು ತೆಗೆಯಬೇಕಾದೀತು ಇನ್ನು."

ಹೆಗ್ಡೆ: "ಸುಳ್ಳು ಹೇಳಬೇಡಿ! ನನ್ನ ಬಣವೆಯ ಹತ್ತಿರ ನೀವು ಯಾವ ಕಾಲದಲ್ಲಿ ನಡೆದದ್ದು? ದಾರಿ ಬಣವೆಯಿಂದ ಹನ್ನೆರಡು ಹೆಜ್ಜೆ ಈಚೆ. ಹಲಸಿನ ಮರದ ಬಲಕ್ಕೆ. ದಾಟಲಿಕ್ಕೆ ಕಲ್ಲಿನ ತಡಮೆ ಉಂಟಲ್ಲ, ನನ್ನ ಅಜ್ಜ ಹಾಕಿಸಿದ್ದು, ಅಲ್ಲಿಂದ. ನಿಮ್ಮ ಮದುವೆಯ ದಿಬ್ಬಣ ಕೂಡ ಅಲ್ಲಿಂದಲೇ ಬಂದದ್ದು. ಮರೆತುಹೋಯಿತಾ?"

ಜಲಜಾಕ್ಷಿ: "ನನಗೆ ವಯಸ್ಸಾಯಿತು, ಮರೆತಿರಬೇಕು. ಹಾಗಾದರೆ ಸರಕಾರ ಬರೆದದ್ದು ತಪ್ಪಾ?"

ಹೆಗ್ಡೆ: "ಶುದ್ಧ ತಪ್ಪು."

ಜಲಜಾಕ್ಷಿ: "ಅದನ್ನು ನೀವೇ ಒಂದು ಗೆರೆ ಬರೆದು ಕೊಡಿ ಹೆಗ್ಡೆರೇ. ಹೆಂಗಸು ಹೇಳಿದರೆ ಇವರು ಕೇಳ್ತಾರಾ?"

ಇದಾದ ಮೇಲೆ ಶ್ರೀ ಹೆಗ್ಡೆಯವರು ತಾವಾಗಿಯೇ, ಯಾರ ಒತ್ತಾಯವೂ ಇಲ್ಲದೆ, ಅಭಿಪ್ರಾಯ ಪುಸ್ತಕವನ್ನು ಎಳೆದುಕೊಂಡು ಪುಟ 9ರಲ್ಲಿ ಹೀಗೆ ಬರೆದು, ತಾರೀಕು ಹಾಕಿ, ಸಹಿ ಮಾಡಿ, ಸಹಿಯ ಕೆಳಗೆ ಎರಡು ಗೀಟು ಎಳೆದಿರುತ್ತಾರೆ: "ನಂ. 43 ಶುದ್ಧ ತಪ್ಪು. ದಾರಿ ಬಣವೆಯ ಮೇಲಿಂದ ಹೋಗುವುದಿಲ್ಲ. ಹಲಸಿನ ಮರದ ಬಲಕ್ಕೆ, ಅಜ್ಜ ಹಾಕಿಸಿದ ಕಲ್ಲಿನ ತಡಮೆಯಿಂದ ಹೋಗುತ್ತದೆ. ಹಿಂದಿನಿಂದಲೂ ಹಾಗೆಯೇ. ಕೂಡಲೇ ಸರಿಪಡಿಸತಕ್ಕದ್ದು."

ಸಾಕ್ಷಿಯಾಗಿ ಅರುವತ್ತು ಮಂದಿ ಚಿತ್ರ ನೋಡುತ್ತಿದ್ದರು. ಒಂದೇ ಚಿತ್ರವನ್ನು ಇಷ್ಟು ಮಂದಿ ಇಷ್ಟು ಹೊತ್ತು ನೋಡಿದ್ದು ಈ ಚಿತ್ರಶಾಲೆಯ ಇತಿಹಾಸದಲ್ಲಿ ಇಲ್ಲ.

8. ಸೂರ್ಯಾಸ್ತಕ್ಕೆ ಮೊದಲು ಊಟ ಮುಗಿಸುವವರು, ಶ್ರೀ ಹೆಗ್ಡೆಯವರೂ ಸೇರಿ, ಗುಂಪಿನಲ್ಲಿ ಇರುವುದರಿಂದ ಬಸ್ಸು ಮಧ್ಯಾಹ್ನ ಮೂರೂವರೆಗೆ ಹೊರಡತಕ್ಕದ್ದು ಎಂಬ ನಿಯಮವನ್ನು ಮುಂದುವರಿಸಲಾಗಿದೆ. ಸದರಿ ದಿನ ಬಸ್ಸು ವೇಣೂರು ದಾಟುವಾಗ ಶ್ರೀ ಹೆಗ್ಡೆಯವರು ಏಕಾಏಕಿ ಎದ್ದು ನಿಂತು, ತಲೆಯ ಮೇಲೆ ಕೈ ಇಟ್ಟುಕೊಂಡು, "ಬಸ್ಸು ತಿರುಗಿಸು ಮಾರಾಯ, ನನಗೆ ಒಂದು ಚಿತ್ರ ನೋಡಲಿಕ್ಕೆ ಬಾಕಿ ಉಂಟು" ಎಂದರೆಂದು ಕಂಡಕ್ಟರ್ ಶ್ರೀ ಅಬ್ದುಲ್ ನಾಸಿರ್ ಅವರು ವರದಿ ಮಾಡಿದ್ದಾರೆ. "ತಿರುಗಿಸ್ತೇನೆ ಹೆಗ್ಡೆರೇ, ಆದರೆ ಇವತ್ತಿನ ನಿಮ್ಮ ಊಟ ಹೋಯಿತು ಅಂತಲೇ ಲೆಕ್ಕ" ಎಂದಾಗ ಅವರು ಕುಳಿತುಕೊಂಡರು. ಹಿಂದಿನ ಸೀಟಿನಿಂದ ಶ್ರೀಮತಿ ಜಲಜಾಕ್ಷಿಯವರು ಅವರಿಗೆ ಒಂದು ಕಿತ್ತಳೆ ಕೊಟ್ಟರು, ಅವರು ತೆಗೆದುಕೊಳ್ಳಲಿಲ್ಲ. ಉಜಿರೆಯಲ್ಲಿ ತೆಗೆದುಕೊಂಡರು. ನೋಡಿದ ಚಿತ್ರವನ್ನು ಮತ್ತೊಮ್ಮೆ ನೋಡಲು ಗ್ರಾಮಸ್ಥರೊಬ್ಬರು ಬಸ್ಸು ತಿರುಗಿಸಲು ಹೇಳಿದ ಈ ಘಟನೆಯನ್ನು ವಾರ್ಷಿಕ ವರದಿಯಲ್ಲಿ 'ಕಲಾಭಿರುಚಿಯ ಬೆಳವಣಿಗೆ' ಎಂಬ ತಲೆಬರಹದ ಕೆಳಗೆ ಸೇರಿಸತಕ್ಕದ್ದು.

9. ಪುಟ 9ನ್ನು ಹರಿದು ಕೊಡಬೇಕೆಂದು ಶ್ರೀ ಹೆಗ್ಡೆಯವರು ಕೊಟ್ಟ ಐದು ಅರ್ಜಿಗಳನ್ನು ಪರಿಶೀಲಿಸಲಾಗಿದೆ. ಅಕ್ಷರ ತನ್ನದಲ್ಲ ಎಂಬುದು ಮೊದಲ ಅರ್ಜಿ. ಆ ಅರ್ಜಿ ಮತ್ತು ಪುಟ 9 ಎರಡೂ ಒಂದೇ ಅಕ್ಷರದಲ್ಲಿವೆ. ಕನ್ನಡಕ ಇಲ್ಲದೆ ಬರೆದದ್ದು ಎಂಬುದು ಎರಡನೆಯದು. ಕನ್ನಡಕ ಇಲ್ಲದೆಯೂ ಗೆರೆ ನೇರವಾಗಿದೆ. ಮೂರನೆಯ ಅರ್ಜಿಯಲ್ಲಿ ಕಾರಣವಿಲ್ಲ, ಒಂದು ಗೊನೆ ಬಾಳೆಹಣ್ಣು ಇತ್ತು. ಗೊನೆಯನ್ನು ಹಿಂದೆ ಕಳುಹಿಸಲಾಗಿದೆ, ಕಳುಹಿಸುವಷ್ಟರಲ್ಲಿ ಅದು ಸ್ವಲ್ಪ ಹಗುರವಾಗಿತ್ತು. ನಾಲ್ಕನೆಯ ಅರ್ಜಿ ಬುದ್ಧಿವಂತಿಕೆಯದು. ತಾನು ಹೇಳಿದ ದಾರಿ ಚಿತ್ರದೊಳಗಿನ ದಾರಿಯೇ ಹೊರತು ನೆಲದ ಮೇಲಿನ ದಾರಿಯಲ್ಲ, ತಾನು ಆಗ ಕಲೆಯ ಬಗ್ಗೆ ಮಾತಾಡುತ್ತಿದ್ದೆ ಎಂದು ಅವರು ಅದರಲ್ಲಿ ವಾದಿಸಿದ್ದಾರೆ.

ಈ ವಾದದಲ್ಲಿ ಹುರುಳಿರಬಹುದೆಂದು ಕಂಡುದರಿಂದ ಚಿತ್ರಕಾರರನ್ನು ಕೇಳಲಾಯಿತು. ಅವರು ತಂತಿಯಲ್ಲಿ ತಿಳಿಸಿರುವುದೇನೆಂದರೆ: "ಚಿತ್ರದಲ್ಲಿ ದಾರಿ ಇಲ್ಲ. ಹಲಸು ಇಲ್ಲ. ತಡಮೆ ಇಲ್ಲ. ಬಣವೆ ಇಲ್ಲ. ಅದು ಮನಸ್ಸಿನ ಏಕಾಂತ. ದಯವಿಟ್ಟು ಕಿರುಕುಳ ಕೊಡಬೇಡಿ." ಚಿತ್ರದಲ್ಲಿ ದಾರಿಯೂ ಹಲಸಿನ ಮರವೂ ಅಜ್ಜ ಹಾಕಿಸಿದ ತಡಮೆಯೂ ಇಲ್ಲವೆಂದು ಬರೆದವರೇ ಹೇಳಿದ ಮೇಲೆ, ಶ್ರೀ ಹೆಗ್ಡೆಯವರು ಅಷ್ಟು ವಿವರವಾಗಿ ವರ್ಣಿಸಿದ ದಾರಿ ಬೇರೆಲ್ಲೋ ಇರಲೇಬೇಕಾಗುತ್ತದೆ. ಅದು ಎಲ್ಲಿದೆ ಎಂದು ಹುಡುಕುವುದು ಈ ಇಲಾಖೆಯ ಕೆಲಸವಲ್ಲ. ಐದನೆಯ ಅರ್ಜಿಯಲ್ಲಿ "ದಯೆ ಇರಲಿ" ಎಂದು ಮಾತ್ರ ಇದೆ.

10. ಆದುದರಿಂದ ಆದೇಶಿಸುವುದೇನೆಂದರೆ, ಕಲೆಯ ಬಗ್ಗೆ ಒಮ್ಮೆ ಕೊಟ್ಟ ಅಭಿಪ್ರಾಯವನ್ನು ಹಿಂದಕ್ಕೆ ಪಡೆಯುವಂತಿಲ್ಲ. ಪುಟ 9ನ್ನು ಯಾವ ಕಾರಣಕ್ಕೂ ಹರಿಯಕೂಡದು. ಅದರ ದೃಢೀಕೃತ ನಕಲನ್ನು ಕೇಳಿದವರಿಗೆ ಕೊಡತಕ್ಕದ್ದು. ಶ್ರೀಮತಿ ಜಲಜಾಕ್ಷಿಯವರಿಗೆ ಕೇಳದೆಯೇ ಎರಡು ಕೊಡತಕ್ಕದ್ದು.

11. ಶ್ರೀ ಹೆಗ್ಡೆಯವರು ಕೆಟ್ಟವರಲ್ಲವೆಂದೂ ವಿಚಾರಿಸಿ ತಿಳಿದುಕೊಳ್ಳಲಾಗಿದೆ. ಕಳೆದ ಆಟಿಯಲ್ಲಿ ಮುದುಕಿಯನ್ನು ಕುರ್ಚಿಯಲ್ಲಿ ಹೊತ್ತ ನಾಲ್ವರಲ್ಲಿ ಕುರ್ಚಿಯ ಮುಂದಿನ ಬಲಗಾಲಿಗೆ ಹೆಗಲು ಕೊಟ್ಟವರು ಅವರೇ. ಬೇಲಿ ತೆಗೆಯುವುದಕ್ಕಿಂತ ತೋಡು ದಾಟುವುದೇ ಸುಲಭವೆಂದು ಅವರಿಗೆ ಆಗ ಕಂಡಿತ್ತು. ಹೀಗಿರುವವರು ಸೋತೆನೆಂದು ಊರಿನ ಎದುರು ಹೇಳಬೇಕಾದ ಅಗತ್ಯವಿಲ್ಲ. ಬೇಲಿ ತಾನಾಗಿ ಬಿತ್ತೆಂದು ಹೇಳಿಕೊಳ್ಳಲು ಅವರಿಗೆ ಹದಿನೈದು ದಿನಗಳ ಅವಕಾಶ ನೀಡಲಾಗಿದೆ. ಗಾಳಿ, ಗೆದ್ದಲು, ದನ – ಈ ಮೂರರಲ್ಲಿ ಯಾವ ಕಾರಣವನ್ನಾದರೂ ಕೊಡಬಹುದು. ದನ ಎಂದರೆ ಯಾರ ದನವೆಂದು ಕೇಳಲಾಗುವುದಿಲ್ಲ.

12. ಈ ವಿಷಯ ಹೇಗೋ ಹೊರಗೆ ಹೋಗಿ, ಬಂಟ್ವಾಳ, ಪೊಳಲಿ, ಮೆಲ್ಕಾರ್ ಕಡೆಗಳಿಂದ ನೂರ ಹದಿನಾಲ್ಕು ಮಂದಿ ತಮಗೂ ಚಿತ್ರ ಸಂಖ್ಯೆ 43ನ್ನು ತೋರಿಸಬೇಕೆಂದು ಅರ್ಜಿ ಹಾಕಿದ್ದಾರೆ. ಬೇರೆ ಚಿತ್ರಗಳು ಬೇಡವಂತೆ. ನೆರೆಯವರೊಡನೆ ವ್ಯಾಜ್ಯ ಇರುವವರು ನೆರೆಯವರನ್ನೂ ಕರೆದುಕೊಂಡೇ ಬರತಕ್ಕದ್ದು. ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕೂರತಕ್ಕದ್ದು. ಚಿತ್ರವನ್ನು ತಲೆಕೆಳಗಾಗಿ ತೂಗುಹಾಕಿದ್ದೀರಿ ಎಂದು ಯಾರಾದರೂ ದೂರಿದರೆ, ಇನ್ನೊಂದು ಪಕ್ಷಕ್ಕೆ ಏಳು ದಿನಗಳ ನೋಟೀಸು ಕೊಡದೆ ಅದನ್ನು ತಿರುಗಿಸಬಾರದು.

ಈ ಸೂಚನೆಗಳು ಕೂಡಲೇ ಜಾರಿಗೆ ಬರುತ್ತವೆ. ಅರ್ಥವಾಗದವರು ಚಿತ್ರಗಳ ವಿಷಯದಲ್ಲಿ ಮಾಡುವಂತೆಯೇ ತಲೆಯಾಡಿಸಿ ಮುಂದೆ ಹೋಗಬಹುದು.

(ಸಹಿ)
ಮೇಲ್ವಿಚಾರಕರು
ಸಂಚಾರಿ ನವೀನ ಚಿತ್ರಶಾಲೆ

ಪ್ರತಿಗಳು:
1. ಮೇಲಿನವರಿಗೆ, ಓದದೆ ಸಹಿ ಮಾಡುವುದಕ್ಕಾಗಿ.
2. ಚಿತ್ರಕಾರರಿಗೆ. ಏಕಾಂತಕ್ಕೆ ಭಂಗ ಬಂದಿದ್ದರೆ ವಿಷಾದಿಸಲಾಗಿದೆ. ಚಿತ್ರವನ್ನು ಹಿಂದಕ್ಕೆ ಕೇಳಬಾರದೆಂದು ಕೋರಲಾಗಿದೆ.
3. ಸಂಬಂಧಪಟ್ಟ ಕಚೇರಿಗೆ, ಪುಟ 9ರ ನಕಲಿನೊಂದಿಗೆ. ಕಲಾವಿಮರ್ಶೆ ಎಂದು ಬದಿಗಿಡದೆ ಓದಬೇಕಾಗಿ ವಿನಂತಿ.
4. ಕಂಡಕ್ಟರ್ ಶ್ರೀ ಅಬ್ದುಲ್ ನಾಸಿರ್ ಅವರಿಗೆ, ಬಸ್ಸು ತಿರುಗಿಸದೆ ಇದ್ದುದಕ್ಕಾಗಿ ಮೆಚ್ಚುಗೆಯೊಂದಿಗೆ.
5. ಶ್ರೀ ಸನತ್‌ಕುಮಾರ ಹೆಗ್ಡೆಯವರಿಗೆ, ರಿಜಿಸ್ಟರ್ಡ್ ಅಂಚೆಯಲ್ಲಿ.
6. ಶ್ರೀಮತಿ ಜಲಜಾಕ್ಷಿಯವರಿಗೆ, ಹದಿನೈದು ದಿನ ಕಳೆದ ಮೇಲೆ, ಜವಾನ ಶ್ರೀ ಹುಕ್ರಪ್ಪ ಅವರ ಕೈಯಲ್ಲಿ. ಸದರಿ ಜವಾನರು ತೋಡಿನ ಕಡೆಯಿಂದ ಹೋಗಕೂಡದು. ರಸ್ತೆಯಿಂದ ಇಳಿದು ಪುಟ 9ರಲ್ಲಿ ಹೇಳಿದ ಪ್ರಕಾರವೇ ನಡೆದು, ಕಂಡದ್ದನ್ನು ಕಚೇರಿ ಪ್ರತಿಯ ಹಿಂಬದಿಯಲ್ಲಿ ಬರೆಯತಕ್ಕದ್ದು.
7. ಕಚೇರಿ ಪ್ರತಿ.

(ಕಚೇರಿ ಪ್ರತಿಯ ಹಿಂಬದಿಯಲ್ಲಿ, ಪೆನ್ಸಿಲಿನಲ್ಲಿ)

28-3-64. ಕಾಗದ ಜಲಜಾಕ್ಷಿಯಮ್ಮನ ಕೈಗೆ ಕೊಟ್ಟಿದ್ದೇನೆ. ಬೇಲಿ ಇರಲಿಲ್ಲ. ಹಲಸಿನ ಮರದ ಹತ್ತಿರ ನಾನು ದಾರಿ ಹುಡುಕ್ತಾ ಇರುವಾಗ ಹೆಗ್ಡೆರು ಓಡಿ ಬಂದು, "ಅಲ್ಲಿಂದ ಅಲ್ಲ ಮಾರಾಯ, ಇನ್ನೂ ಎರಡು ಹೆಜ್ಜೆ ಬಲಕ್ಕೆ" ಎಂದು ತೋರಿಸಿಕೊಟ್ಟರು. – ಹುಕ್ರಪ್ಪ